ಕೊಟ್ಟಿಗೆ ಕಡೆಯ ಕಿಟಕಿ

ಮಕ್ಕಳ ರೂಮು ಮಾಡಿಕೊಡಲು ಯಾವ ಮನೆಗೆ ಹೋದರೂ ಅಕ್ಕ ಮೊದಲು ಕೇಳುತ್ತಿದ್ದದ್ದು ಒಂದೇ. ಮಗು ಎಲ್ಲಿ ಮಲಗುತ್ತೆ? ಮನೆಯವರು ಉತ್ಸಾಹದಿಂದ, ಇನ್ನೂ ಗಾರೆ ಒಣಗದ ಒಂದು ರೂಮಿನ ಕಡೆ ಕೈ ತೋರಿಸುತ್ತಿದ್ದರು. ಅವರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹೆಗಲಿನ ಚೀಲ ಇಳಿಸಿ, ಗೋಡೆಗೆ ಒರಗಿ ನಿಂತು, "ಅದು ಮುಂದಿನ ಮಾತಾಯ್ತು. ಇವತ್ತು ರಾತ್ರಿ ಎಲ್ಲಿ ಮಲಗುತ್ತೆ?" ಎನ್ನುತ್ತಿದ್ದರು. ಆಗ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಉತ್ತರ ಎಲ್ಲ ಕಡೆಯೂ ಹೆಚ್ಚುಕಮ್ಮಿ ಅದೇ. ಅಮ್ಮನ ಪಕ್ಕ, ಇಲ್ಲವೇ ಅಜ್ಜಿಯ ಪಕ್ಕ, ಅದೂ ಇಲ್ಲದಿದ್ದರೆ ಹಾಲಿನಲ್ಲಿ ಟೀವಿ ಮುಂದೆ ನಿದ್ದೆ ಬಂದ ಜಾಗದಲ್ಲಿ.

ಅವರು ತೀರಿಹೋಗಿ ಒಂದು ತಿಂಗಳಾಯಿತು. ಹನ್ನೊಂದರ ದಿನ ಊಟಕ್ಕೆ ಬಂದವರು ಒಬ್ಬೊಬ್ಬರೂ ಅವರು ಮಾಡಿಕೊಟ್ಟ ರೂಮುಗಳ ಮಾತಾಡಿದರು. ನಮ್ಮ ಮನೆ ರೂಮು ಇವತ್ತಿಗೂ ಹೊಸದರ ಹಾಗೇ ಇದೆ ಎಂದು ಒಬ್ಬರು, ಒಂದು ಗೀರೂ ಬಿದ್ದಿಲ್ಲ ಎಂದು ಇನ್ನೊಬ್ಬರು. ಹೊಗಳಿಕೆಯೆಂದೇ ಹೇಳಿದ್ದು. ಬಡಿಸುತ್ತಿದ್ದ ನನಗೆ ಮಾತ್ರ, ಇದನ್ನು ಅವರು ಕೇಳಿಸಿಕೊಂಡಿದ್ದರೆ ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು ಅನ್ನಿಸಿತು.

ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ಮನೆಯ ಮುಂಭಾಗದ ಒಂದು ಕೋಣೆಯಲ್ಲೇ ಅವರ ಅಂಗಡಿ. ಮೈಸೂರಿನಲ್ಲಿ ಪ್ಲೈವುಡ್ಡಿನ ವ್ಯಾಪಾರಿಯೊಬ್ಬರ ಹತ್ತಿರ ಬಹಳ ವರ್ಷ ಕೆಲಸ ಮಾಡಿ, ಸಂಜೆ ಹೊತ್ತು ಒಳಾಂಗಣ ವಿನ್ಯಾಸದ ಕೋರ್ಸು ಮುಗಿಸಿ, ನಲವತ್ತು ದಾಟಿದ ಮೇಲೆ ಸ್ವಂತಕ್ಕೆ ಶುರು ಮಾಡಿದ್ದರು. ಅಡುಗೆಮನೆ, ವಾರ್ಡ್‌ರೋಬು ಎಲ್ಲ ಬಿಟ್ಟು ಮಕ್ಕಳ ರೂಮು, ಮಕ್ಕಳ ಆಟದ ಜಾಗ, ಅಷ್ಟನ್ನೇ ಇಟ್ಟುಕೊಂಡರು. ಹಳ್ಳಿಗಳಲ್ಲಿ ಅವರಿಗೆ 'ರೂಮ್ ಮೇಡಮ್ಮು' ಎಂದೇ ಹೆಸರು. ನಾನು ಅಕ್ಕ ಎನ್ನುತ್ತಿದ್ದೆ.

ನಾನು ಅವರ ಜೊತೆ ಹೋಗತೊಡಗಿದ್ದು ರಂಗೋಲಿಯ ದೆಸೆಯಿಂದ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಚಿತ್ರ ಬಿಡಿಸುವುದನ್ನು ಬಹಳ ಶಿಸ್ತಾಗಿ ಕಲಿಸಿದ್ದರು. ಮದುವೆಯಾಗಿ ಬಂದ ಮೇಲೆ ಆ ವಿದ್ಯೆ ಬಾಗಿಲ ಮುಂದಿನ ರಂಗೋಲಿಗೂ ಮಕ್ಕಳ ಸ್ಕೂಲಿನ ಚಾರ್ಟಿಗೂ ಮಾತ್ರ ಉಳಿದಿತ್ತು. ಒಂದು ಧನುರ್ಮಾಸದ ಬೆಳಿಗ್ಗೆ ನಾನು ನವಿಲು ಬಿಡಿಸುತ್ತಿದ್ದಾಗ ಅವರು ಕಾಂಪೌಂಡಿನ ಆಚೆಯಿಂದ ನೋಡುತ್ತಾ ನಿಂತಿದ್ದವರು, ಗೋಡೆ ಮೇಲೂ ಬರೆಯೋಕೆ ಬರುತ್ತೇನಮ್ಮ ಎಂದು ಕೇಳಿದರು. ಮುಂದಿನ ವಾರ ನಾನು ಬಣ್ಣದ ಡಬ್ಬಿ ಹಿಡಿದು ಅವರ ಹಿಂದೆ ನಾಗಮಂಗಲದ ಬಸ್ಸಿನಲ್ಲಿದ್ದೆ.

ಅವರಿಗೆ ಸುಸ್ತಿಲ್ಲದ ದಿನವನ್ನು ನಾನು ನೋಡಿಲ್ಲ. ಬಸ್ಸು ಹತ್ತಿ ಕೂತ ಕೂಡಲೇ ಚಪ್ಪಲಿ ಬಿಟ್ಟು, ಮುಂದಿನ ಸೀಟಿನ ಕೆಳಗಿನ ಕಂಬಿಗೆ ಹಿಮ್ಮಡಿ ಒತ್ತಿ ಕಣ್ಣು ಮುಚ್ಚುವರು. ಪೆನ್ಸಿಲು ತುರುಬಿನಲ್ಲೇ ಇರುತ್ತಿತ್ತು. ಮನೆಯವರು ಜೋರು ಮಾಡಿದರೆ ವಾದ ಮಾಡುತ್ತಿರಲಿಲ್ಲ. "ಆಗ್ಲಿ, ನೋಡೋಣ" ಎನ್ನುವರು, ಸಣ್ಣ ದನಿಯಲ್ಲಿ, ಯಾರಿಗೋ ಹೇಳಿದ ಹಾಗೆ. ರೂಮಿನಲ್ಲಿ ಅಳತೆ ಹಿಡಿಯುವ ಮೊದಲು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸುತ್ತಲೂ ನೋಡುವ ಅಭ್ಯಾಸ. ಆ ಎತ್ತರದಿಂದ ಸ್ವಿಚ್ಚು ಎಟುಕುತ್ತದೆಯೋ ಇಲ್ಲವೋ, ಕಿಟಕಿಯಲ್ಲಿ ಆಕಾಶ ಬಿಟ್ಟು ಬೇರೇನಾದರೂ ಕಾಣುತ್ತದೆಯೋ ಇಲ್ಲವೋ. ಕೂರುವುದೇನೋ ಕೂರುತ್ತಿದ್ದರು. ಏಳಲು ಮಂಡಿ ಕೇಳುತ್ತಿರಲಿಲ್ಲ. ಮಾತಾಡದೆ ನನ್ನ ಕಡೆ ಕೈ ಚಾಚುವರು, ನಾನು ಎಳೆದು ಎಬ್ಬಿಸುವುದು. ಅಂಗೈ ಯಾವಾಗಲೂ ಮರದ ಪುಡಿಯಿಂದ ಒರಟಾಗಿರುತ್ತಿತ್ತು.

ನನ್ನ ಮೊದಲ ಚಿತ್ರವನ್ನು ಅವರು ಒಪ್ಪಲಿಲ್ಲ. ನಾನು ನಿಂತು, ನನ್ನ ಕಣ್ಣಿನ ಎತ್ತರಕ್ಕೆ ಸಾಲಾಗಿ ಚಿಟ್ಟೆ ಬರೆದಿದ್ದೆ. ಅವರು ಹಾಸಿಗೆಯ ಜಾಗದಲ್ಲಿ ಒಂದು ರಟ್ಟು ಹಾಸಿ, ಮಲಕೊಂಡು ನೋಡು ಅಂದರು. ಮಲಗಿ ನೋಡಿದರೆ ಕಣ್ಣೆದುರಿಗೆ ಬರಿ ಗೋಡೆ, ನನ್ನ ಚಿಟ್ಟೆಗಳು ಎಲ್ಲೋ ಮೇಲೆ. ಮರುದಿನ ಹೋಗಿ ಮೊಣಕಾಲೂರಿ ಕೆಳಗೆ ಬರೆದೆ.

ನಾಗಮಂಗಲದ ಕಡೆಯ ಒಂದು ಊರಿನಲ್ಲಿ ಯುವಕರು ಚಂದಾ ಎತ್ತಿ ಮಕ್ಕಳಿಗೆ ಆಟದ ಜಾಗ ಮಾಡಿಸಿದ್ದರು. ಜಾರುಬಂಡೆ, ಉಯ್ಯಾಲೆ, ಒಂದು ಮೂಲೆಯಲ್ಲಿ ಮರಳಿನ ಗುಂಡಿ, ನಡುವೆ ನುಣ್ಣಗೆ ಸಿಮೆಂಟು ಹಾಕಿದ ಅಂಗಳ. ಎಲ್ಲ ಅಕ್ಕನದೇ ನಕ್ಷೆ. ಸುಗ್ಗಿ ಮುಗಿಯುವ ಹೊತ್ತಿಗೆ ಹೋಗಿ ನೋಡಿದರೆ ಅಂಗಳದ ತುಂಬ ಹುರುಳಿ ಒಣಹಾಕಿದೆ. ಜಾರುಬಂಡೆಯ ಮೇಲೆ ಯಾರದೋ ಒಗೆದ ಕಂಬಳಿ. ಗುಂಡಿಯ ಮರಳು ಯಾರದೋ ಮನೆಯ ಗಾರೆಗೆ ಹೋಗಿತ್ತು. ಹುರುಳಿ ಹರವುತ್ತಿದ್ದ ಹೆಂಗಸು ನಮ್ಮನ್ನು ನೋಡಿ ಒಂದಿಷ್ಟೂ ಅಳುಕಲಿಲ್ಲ. "ಇಷ್ಟು ನುಣ್ಣಗಿರೋ ಕಣ ನಮ್ಮೂರಲ್ಲೇ ಇರ್ನಿಲ್ಲ ಕಣವ್ವ. ಮಕ್ಳು ಓಣಿ ಸಂದೀಲಿ ಆಡ್ತವೆ ಬುಡಿ" ಎಂದಳು. ಅಕ್ಕ ಉಯ್ಯಾಲೆಯ ಮೇಲೆ ಕೂತುಬಿಟ್ಟರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಮುಂದಿನ ಊರಿನ ನಕ್ಷೆಯಲ್ಲಿ ಆಟದ ಅಂಗಳದ ಪಕ್ಕಕ್ಕೇ ಬೇರೊಂದು ಸಿಮೆಂಟಿನ ಚೌಕ ಸೇರಿಸಿದರು. ಇದೇನಕ್ಕ ಎಂದದ್ದಕ್ಕೆ, ಹುರುಳಿಗೂ ಒಂದು ಜಾಗ ಬೇಕಲ್ಲಮ್ಮ ಅಂದರು.

ಕೆ.ಆರ್. ಪೇಟೆಯ ಮನೆಯದು ಬೇರೆ ಥರ. ಹೊಸಹೊಳಲಿಗೆ ಹೋಗುವ ರಸ್ತೆಯಲ್ಲಿ ಎರಡಂತಸ್ತಿನ ಮನೆ, ಮನೆಯಲ್ಲಿ ಇಬ್ಬರು ಪುಟ್ಟ ಹುಡುಗಿಯರು. ನಾನು ಆ ಗೋಡೆಗೆ ಆನೆ ಮರಿಗಳ ಸಾಲು ಬರೆದಿದ್ದೆ. ಎರಡು ವರ್ಷ ಕಳೆದು ಅದೇ ಬೀದಿಗೆ ಬೇರೆ ಕೆಲಸದ ಮೇಲೆ ಹೋದಾಗ ಮನೆಯೊಡತಿ ಬಲವಂತ ಮಾಡಿ ಒಳಗೆ ಕರೆದರು. ರೂಮಿಗೆ ಬೀಗ ಹಾಕಿತ್ತು. ಬೀಗದ ಕೈ ದೇವರ ಮನೆಯಿಂದ ಬಂತು. ಬಾಗಿಲು ತೆಗೆದರೆ ನಾವು ಬಿಟ್ಟು ಬಂದದ್ದು ಬಿಟ್ಟ ಹಾಗೇ ಇದೆ. ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಮಕ್ಕಳಿಬ್ಬರೂ ಹೊಸ್ತಿಲಾಚೆಯೇ ನಿಂತು ಆನೆ ಮರಿಗಳನ್ನು ಎಣಿಸುತ್ತಿದ್ದವು. ಒಳಗೆ ಬನ್ನಿ ಎಂದು ನಾನು ಕರೆದರೆ ಚಿಕ್ಕದು ತನ್ನ ಕಾಲು ನೋಡಿಕೊಂಡು, "ಗಲೀಜಾಯ್ತದೆ ಆಂಟಿ" ಎಂದಿತು. ಅವರ ತಾಯಿಗೆ ಅದು ಹೆಮ್ಮೆ. ನೆಂಟರು ಬಂದಾಗ ತೋರಿಸುತ್ತೀವಿ ಮೇಡಂ, ಎಲ್ಲರೂ ಕೇಳುತ್ತಾರೆ ಯಾರು ಮಾಡಿದ್ದು ಅಂತ, ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಣ್ಣು ಮುಚ್ಚಲಿಲ್ಲ. ಕಿಟಕಿಯಾಚೆ ನೋಡುತ್ತಲೇ ಹೇಳಿದರು.

"ಇಷ್ಟು ವರ್ಷವಾಯ್ತು. ನಾನು ಮಾಡಿದ ರೂಮಲ್ಲಿ ಒಂದು ಮಗು ನಿದ್ದೆ ಮಾಡೋದನ್ನ ನಾನು ಕಣ್ಣಲ್ಲಿ ನೋಡಿಲ್ಲ ಕಣಮ್ಮ."

ರಾತ್ರಿ ಹೊತ್ತು ಬೇರೆಯವರ ಮನೆಯಲ್ಲಿ ಹೇಗೆ ನೋಡೋಕಾಗುತ್ತೆ ಅಕ್ಕ, ಮಲಗಿಯೇ ಇರುತ್ತವೆ ಎಂದು ನಾನು ಸಮಾಧಾನಕ್ಕೆ ಹೇಳಿದೆ. ಅವರು ಬೇಡ ಎನ್ನುವ ಹಾಗೆ ಕೈಯಾಡಿಸಿದರು. ಹೋದ ಕಡೆಯೆಲ್ಲ ಕಣ್ಣಿಗೆ ಗೊತ್ತಾಗುತ್ತೆ, ದಿಂಬಿನಲ್ಲಿ ಗುಳಿ ಬಿದ್ದಿರಲ್ಲ, ಗೋಡೆಯಲ್ಲಿ ಎಣ್ಣೆ ತಲೆಯ ಗುರುತಿರಲ್ಲ ಎಂದರು. ಆಮೇಲೆ ತಮ್ಮ ಬಾಲ್ಯದ ಮಾತು ತೆಗೆದರು. ಅವರು ನಾಗಮಂಗಲ ತಾಲ್ಲೂಕಿನ ಹಳ್ಳಿಯವರು. ಮನೆ ತುಂಬ ಮಕ್ಕಳು. ಗೋಡೆಯಿಂದ ಗೋಡೆಗೆ ಚಾಪೆ ಹಾಸಿ ಒಂದು ತುದಿಗೆ ಅವ್ವ, ಇನ್ನೊಂದು ತುದಿಗೆ ಅಜ್ಜಿ ಮಲಗಿದರೆ ನಡುವೆ ಇವರೆಲ್ಲ. ಯಾರ ಕಾಲು ಯಾರ ಮೇಲೋ. "ನಮಗೆ ರೂಮಿರಲಿಲ್ಲ, ಸಾಲಿತ್ತು. ಆ ಸಾಲನ್ನ ಕೆಡಿಸೋ ಕೆಲಸಾನೇ ನಾನು ಕಲಿತು ಬಂದಿದ್ದೀನೇನೋ" ಎಂದು ಸೀಟಿಗೆ ತಲೆ ಆನಿಸಿದರು.

ಅದೇ ವರ್ಷ ಅವರಿಗೆ ಎದೆ ನೋವು ಶುರುವಾಯಿತು. ಡಾಕ್ಟರು ಓಡಾಟ ನಿಲ್ಲಿಸಿ ಎಂದರು. ಒಪ್ಪಿಕೊಂಡ ಕೆಲಸ ಒಂದು ಬಾಕಿಯಿದೆ, ಅದೊಂದು ಮುಗಿಸಿ ಅಂಗಡಿ ಮುಚ್ಚುತ್ತೇನೆ ಎಂದು ತಮ್ಮ ಗಂಡನಿಗೆ ಹೇಳಿದರು. ನನ್ನ ಹತ್ತಿರ ಮಾತ್ರ, ಇದೊಂದರಲ್ಲಾದರೂ ಮಗು ಮಲಗಬೇಕು ಅಂದರು.

ಆ ಮನೆ ಪಾಂಡವಪುರದ ಆಚೆ, ಕ್ಯಾತನಹಳ್ಳಿಗೆ ಹತ್ತಿರ. ಸುತ್ತ ಕಬ್ಬು, ಹಿಂದೆ ಕೊಟ್ಟಿಗೆ, ನಡುವೆ ಹೊಸ ತಾರಸಿ ಮನೆ. ಕಬ್ಬು ಬೆಳೆದು ಡೇರಿಗೆ ಹಾಲು ಹಾಕುವ ಯಜಮಾನ, ಪಾಂಡವಪುರದಲ್ಲಿ ಕೆಲಸಕ್ಕೆ ಹೋಗುವ ಹೆಂಡತಿ, ಎರಡನೇ ಕ್ಲಾಸಿನ ಮಗಳು ಪುಟ್ಟಿ, ಅವನ ತಾಯಿ. ನಾವು ಹೋದಾಗ ಮನೆ ಮುಕ್ಕಾಲು ಮುಗಿದಿತ್ತು. ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಕೋಟೆಯ ಆಕಾರದ ಗುಲಾಬಿ ಮಂಚ, ಬುರುಜು, ಮೆಟ್ಟಿಲು, ಮೇಲೆ ಬಾವುಟ. ಮಗಳಿಗೆ ಇದೇ ಬೇಕು ಎಂದ. ಮಗಳು ಅಲ್ಲಿರಲಿಲ್ಲ, ಕೊಟ್ಟಿಗೆಯಲ್ಲಿ ಕರುವಿನ ಕಿವಿ ಹಿಡಿದು ಏನೋ ಹೇಳುತ್ತಿದ್ದಳು.

ಅಕ್ಕ ತಮ್ಮ ಪ್ರಶ್ನೆ ಕೇಳಿದರು. ಉತ್ತರ ಅಜ್ಜಿಯಿಂದ ಬಂತು. ಅಜ್ಜಿ ಹಾಲಿನ ಮೂಲೆಯಲ್ಲಿ ತನ್ನ ಚಾಪೆಯ ಸುರುಳಿಗೆ ಒರಗಿ ಕೂತಿತ್ತು.

"ನನ್ ಪಕ್ಕ ಮನಿಕತದೆ, ಇನ್ನೆಲ್ಲಿ? ಮಗೀನ ಒಂಟಿಗೆ ಮನಗ್ಸದಾ? ದನಾನೂ ನಾವು ಒಂಟಿಗೆ ಕಟ್ಟಾಕಕಿಲ್ಲ ಕಣವ್ವ."

ಮಗ ನಕ್ಕ. "ನಮ್ಮವ್ವ ಅಂಗೇ ಅಂತದೆ ಮೇಡಂ, ನೀವ್ ತಲೆ ಕೆಡಿಸ್ಕಬ್ಯಾಡಿ" ಎಂದ. ಅಕ್ಕ ಆಗ್ಲಿ ನೋಡೋಣ ಎಂದರು. ಆದರೆ ಟೇಪು ಬಿಚ್ಚಲಿಲ್ಲ. ಆ ದಿನ ಅಳತೆಯಿಲ್ಲದೆ ಹಿಂತಿರುಗಿದ್ದು ನನಗೆ ಹೊಸದು.

ಮುಂದಿನ ಸಲ ಹೋದಾಗ ಅವರು ರೂಮಿನ ಕಡೆಗೇ ಹೋಗಲಿಲ್ಲ. ಅಜ್ಜಿಯ ಎದುರು ಕೂತು ಅವರೆಕಾಯಿ ಸುಲಿಯತೊಡಗಿದರು. ನಾನೂ ಕೂತೆ. ಅಜ್ಜಿ ನನ್ನ ಬೆರಳು ನೋಡಿ, ಸುಲಿಯಾಕೂ ಬರಕಿಲ್ವಲ್ಲವ್ವ ನಿಂಗೆ, ಏನ್ ಕಲ್ಸುದ್ರು ಇಸ್ಕೂಲಲ್ಲಿ ಎಂದು ಹಾಸ್ಯ ಮಾಡಿತು. ಮಾತು ಅಲ್ಲಿ ಇಲ್ಲಿ ಸುತ್ತಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದರು. ನೀವೂ ಆ ರೂಮಲ್ಲೇ ಮಲಗಿದರೆ ಆಗದಾ ಅಮ್ಮ, ಮಗೂನೂ ಜೊತೆಗಿರುತ್ತೆ.

ಅಜ್ಜಿಯ ಕೈ ನಿಂತಿತು.

"ಬ್ಯಾಡ ಕಣವ್ವ. ಇವತ್ತು ರೂಮ್ಗೆ ಆಕ್ತಾರೆ. ನಾಳೀಕೆ ತಟ್ಟೇನೂ ಅಲ್ಲಿಗೇ ತಂದ್ ಮಡಗ್ತಾರೆ. ಅಲ್ಲಿಗೆ ನನ್ ಕತೆ ಮುಗೀತು."

ಅದು ಸಿಟ್ಟಿನಲ್ಲಿ ಹೇಳಿದ ಮಾತಲ್ಲ. ಕಾಳು ಚೆನ್ನಾಗಿದೆ, ಹುಳ ಇಲ್ಲ ಎನ್ನುವ ಹಾಗೆ ಹೇಳಿತು. ಹಾಲಿನಲ್ಲಿ ಮಲಗಿದರೆ ತನಗೆ ಮುಂಬಾಗಿಲು ಕಾಣುತ್ತದೆ, ಹಿಂಬಾಗಿಲ ಸಂದಿಯಿಂದ ಕೊಟ್ಟಿಗೆಯ ದೀಪ ಕಾಣುತ್ತದೆ, ಹಸು ಒಂದು ಕೆಮ್ಮಿದರೂ ಎದ್ದು ಹೋಗುತ್ತೇನೆ, ಇವರೆಲ್ಲ ದುಡಿದು ಸತ್ತಂಗೆ ಮಲಗಿರುತ್ತಾರೆ, ನಾನು ನೋಡದಿದ್ದರೆ ಯಾರು ನೋಡುತ್ತಾರೆ ಎಂದಿತು. ಅಕ್ಕ ಎದ್ದು, ನನ್ನ ಕೈ ಹಿಡಿದುಕೊಂಡು ರೂಮಿಗೆ ಹೋದರು. ಕೊಟ್ಟಿಗೆಯ ಕಡೆಯ ಗೋಡೆ ಪೂರ್ತಿ ಮುಚ್ಚಿತ್ತು. ಹೊಸ ಮನೆ ಕಟ್ಟಿಸುವವರೆಲ್ಲ ಮಾಡುವುದು ಅದೇ, ಕೊಟ್ಟಿಗೆಗೆ ಬೆನ್ನು ತಿರುಗಿಸುವುದು. ಅವರು ಅದರ ಮುಂದೆ ಮಲಗಿಯೇಬಿಟ್ಟರು, ಸಿಮೆಂಟಿನ ಬರಿ ನೆಲದ ಮೇಲೆ. ಮಲಗಿದಲ್ಲಿಂದಲೇ ಪೆನ್ಸಿಲು ತೆಗೆದು ಗೋಡೆಯ ಮೇಲೆ ಕೆಳಗೆ, ತೀರ ಕೆಳಗೆ, ಒಂದು ಕಿಟಕಿಯ ಗುರುತು ಎಳೆದರು.

ಯಜಮಾನನಿಗೆ ಇದು ಹುಚ್ಚಿನ ಹಾಗೆ ಕಂಡಿತು. ಗಾರೆ ಆಗಿಹೋಗಿದೆ, ಈಗ ಗೋಡೆ ಒಡೆಯುವುದೇ, ಅಷ್ಟು ಕೆಳಗೆ ಯಾರಾದರೂ ಕಿಟಕಿ ಇಡುತ್ತಾರೆಯೇ, ಸಗಣಿ ವಾಸನೆ ಬರುವುದಿಲ್ಲವೇ, ಗೃಹಪ್ರವೇಶಕ್ಕೆ ಬಂದವರು ನಗುವುದಿಲ್ಲವೇ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡರು. ಅವತ್ತು ಮಾತ್ರ ಆಗ್ಲಿ ನೋಡೋಣ ಎನ್ನಲಿಲ್ಲ.

"ನಿಮ್ಮಮ್ಮ ಈ ರೂಮಿಗೆ ಬಂದ್ರೆ ಮಗು ಬರುತ್ತೆ. ಕೊಟ್ಟಿಗೆ ಕಾಣಿಸಿದ್ರೆ ನಿಮ್ಮಮ್ಮ ಬರ್ತಾರೆ. ಬೇರೆ ದಾರಿ ನನಗೆ ಗೊತ್ತಿಲ್ಲಪ್ಪ."

"ಅಂಗಾರೆ ಇದು ಅವ್ವನ ರೂಮಾ, ಮಗೀನ ರೂಮಾ?"

"ಅವ್ವನ ರೂಮು ಅಂತಲೇ ಅನ್ನಿ. ಊಟ ಮಾತ್ರ ಯಾವತ್ತೂ ಇಲ್ಲಿಗೆ ತರಬೇಡಿ, ಹೊರಗೇ ಕರೆದು ಬಡಿಸಿ."

ಅವನು ತಲೆ ಕೆರೆದುಕೊಂಡ. ಇಷ್ಟು ಹೊತ್ತೂ ಬಾಗಿಲಲ್ಲಿ ಬ್ಯಾಗು ಹಿಡಿದೇ ನಿಂತಿದ್ದ ಅವನ ಹೆಂಡತಿ, ಆಗ ತಾನೇ ಕೆಲಸದಿಂದ ಬಂದಿದ್ದವಳು, "ಒಡುಸ್ರೀ ಗ್ವಾಡೆಯ. ಅತ್ತೆ ಒಳಗ್ ಬಂದ್ರೆ ಹಾಲಲ್ಲಿ ದೀಪ ಆರ್ಸಿ ನಾನೂ ಒಸಿ ನಿದ್ದೆ ಮಾಡ್ತೀನಿ" ಎಂದಳು. ಅಜ್ಜಿ ಆಚೆಯಿಂದ, ಯೋನಂದೆ ಎಂದು ಕೂಗಿತು. ಸೊಸೆ ಏನಿಲ್ಲ ಅತ್ತೆ ಎಂದು ಅಡುಗೆಮನೆಗೆ ಹೋದಳು. ಗೋಡೆ ಒಡೆಯುವುದು ಅಲ್ಲಿಗೆ ತೀರ್ಮಾನವಾಯಿತು.

ಗುಲಾಬಿ ಕೋಟೆ ಮಾತ್ರ ಅವನ ಮನಸ್ಸಿನಿಂದ ಹೋಗಿರಲಿಲ್ಲ. ಅಕ್ಕ ನನ್ನ ಕಡೆ ತೋರಿಸಿ, ಕೋಟೆ ಬೇಕಾದ್ರೆ ಇವಳು ಗೋಡೆ ಮೇಲೆ ಬರೀತಾಳೆ, ಕೋಟೆಯೊಳಗೇ ಸಂಸಾರ ಮಾಡ್ತಿರೋಳು, ಇವಳಿಗಿಂತ ಚೆನ್ನಾಗಿ ಯಾರು ಬರೀತಾರೆ ಎಂದರು. ನಾನು ಬರೆದೆ, ಮೊಣಕಾಲೂರಿ, ಮಲಗಿದವರ ಕಣ್ಣಿಗೆ. ಪುಟ್ಟಿ ಪಕ್ಕದಲ್ಲೇ ಕೂತು ಕೋಟೆಯ ಬಾಗಿಲಿಗೆ ಒಂದು ಕರು ಕಟ್ಟಿಸಿದಳು. ಮಂಚದ ಬದಲು ಗೋಡೆಯುದ್ದಕ್ಕೂ ಜಗಲಿಯಷ್ಟೇ ಎತ್ತರದ, ಜಗಲಿಯಷ್ಟೇ ಅಗಲದ ಮರದ ಹಲಗೆ ಬಂತು. ಅಜ್ಜಿ ಕಾಲು ಕೆಳಗೆ ಬಿಟ್ಟು ಕೂರಬಹುದು, ಮಗು ಉರುಳಿ ಬಿದ್ದರೂ ನೋವಾಗದು. ಕಿಟಕಿಗೆ ಅಗಲವಾದ ಕಟ್ಟೆ ಇಟ್ಟರು. ಸಿಮೆಂಟಿನ ಸಾರಣೆ ಹಸಿ ಇರುವಾಗಲೇ ಪುಟ್ಟಿ ಅದರ ಮೇಲೆ ತನ್ನ ಅಡುಗೆ ಆಟದ ಪಾತ್ರೆ ಜೋಡಿಸಿಟ್ಟಳು. ಮೇಸ್ತ್ರಿ ಬೈದ. ಅಕ್ಕ ಆ ಗುರುತುಗಳನ್ನು ಹಾಗೇ ಬಿಡಲು ಹೇಳಿದರು.

ಗೃಹಪ್ರವೇಶಕ್ಕೆ ಅವರಿಗೆ ಹೋಗಲಾಗಲಿಲ್ಲ. ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದ ಮೇಲೂ ಅಂಗಳ ದಾಟುವುದು ಕಷ್ಟವಿತ್ತು. ಕಾಂಪೌಂಡಿನ ಮೇಲೆ ಕೈಯಿಟ್ಟು ದೂರದ ಕರಿಘಟ್ಟದ ಕಡೆ ನೋಡುತ್ತಾ ನಿಲ್ಲುವರು. ಆ ಮಗು ಅಲ್ಲಿ ಮಲಗ್ತಾ ಇದೆಯೇನಮ್ಮ ಎನ್ನುವರು. ಫೋನು ಮಾಡಿ ಕೇಳೋಣ ಎಂದರೆ ಬೇಡವೆನ್ನುವರು. ಕೇಳಿದರೆ ಹೂಂ ಅಂತಲೇ ಅಂತಾರೆ, ಮರ್ಯಾದಸ್ಥರು ಎಂದು.

ಒಂದು ಭಾನುವಾರ ಊಟವಾದ ಮೇಲೆ ಸೀರೆ ಬದಲಿಸಿ ಬಂದು ನನ್ನ ಬಾಗಿಲಲ್ಲಿ ನಿಂತರು. ನಾನು ಬೇಡವೆನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡೆ. ಪಾಂಡವಪುರದವರೆಗೆ ಬಸ್ಸು, ಅಲ್ಲಿಂದ ಆಟೋ. ಆಟೋದವನು ನಮ್ಮನ್ನು ಇಳಿಸಿದ್ದು ಹಿಂದಿನ ಓಣಿಯಲ್ಲಿ, ಕೊಟ್ಟಿಗೆಯ ಬದಿಯಲ್ಲಿ. ಹಸುಗಳು ಮೆಲುಕು ಹಾಕುತ್ತಿದ್ದವು. ಅಕ್ಕ ಗೊಂತಿನ ಕಂಬ ಹಿಡಿದು ಉಸಿರು ಎಳೆದುಕೊಂಡರು. ಹಾಗೇ ಬಗ್ಗಿದರು.

ಕಿಟಕಿ ತೆರೆದಿತ್ತು. ಒಳಗೆ ಹಲಗೆಯ ಮೇಲೆ ಹಳೆಯ ಸೀರೆಗಳ ಕೌದಿ ಹಾಸಿತ್ತು. ಅಜ್ಜಿ ಕಿಟಕಿಗೆ ಮುಖ ಮಾಡಿ ಎಚ್ಚರವಾಗಿಯೇ ಮಲಗಿತ್ತು. ಅದರ ಬೆನ್ನಿಗೆ ಹಣೆ ಒತ್ತಿಕೊಂಡು, ಒಂದು ಕಾಲು ಅದರ ಸೊಂಟದ ಮೇಲೆ ಹಾಕಿ, ಪುಟ್ಟಿ. ಬಾಯಿ ಅರ್ಧ ತೆರೆದಿತ್ತು. ಜೊಲ್ಲು ಅಜ್ಜಿಯ ರವಿಕೆಗೆ ಇಳಿದಿತ್ತು. ನಾನು ಬರೆದ ಕೋಟೆಯ ಮೇಲೆ, ತಲೆ ತಾಗುವಷ್ಟು ಎತ್ತರದಲ್ಲಿ, ಎಣ್ಣೆಯ ಒಂದು ದೊಡ್ಡ ಕಲೆ.

ಅಜ್ಜಿ ನಮ್ಮನ್ನು ನೋಡಿತು. ಏಳಲಿಲ್ಲ. ಕೈಯನ್ನಷ್ಟೇ ಸ್ವಲ್ಪ ಎತ್ತಿ, ಸದ್ದು ಮಾಡಬೇಡಿ ಎನ್ನುವ ಹಾಗೆ ಆಡಿಸಿತು.

ಅಕ್ಕ ಎಷ್ಟೋ ಹೊತ್ತು ಬಗ್ಗಿಯೇ ಇದ್ದರು. ನಾನು ಅವರ ಮುಖ ನೋಡಲಿಲ್ಲ, ನೋಡಬಾರದೆನ್ನಿಸಿತು. ಅಷ್ಟರಲ್ಲಿ ಹಾಲಿನ ಕ್ಯಾನು ಹಿಡಿದು ಯಜಮಾನ ಕೊಟ್ಟಿಗೆಗೆ ಬಂದ. ನಮ್ಮನ್ನು ಕಂಡು ಅವನ ಮುಖವೆಲ್ಲ ಅರಳಿತು. ಬಂದವರೆದುರು ಮಗಳು ಬಂದು ನಮಸ್ಕಾರ ಹೇಳದಿದ್ದರೆ ಹೇಗೆ. ಕ್ಯಾನು ಕೆಳಗಿಟ್ಟು, "ಲೇ ಪುಟ್ಟಿ, ಎದ್ದೇಳವ್ವ, ರೂಮ್ ಮೇಡಮ್ಮು..." ಎಂದು ಕಿಟಕಿಯ ಕಡೆ ಹೆಜ್ಜೆ ಇಟ್ಟ. ಅಂಗಳ ದಾಟಲು ಆಗದಿದ್ದ ಅಕ್ಕ ಅಷ್ಟು ಬೇಗ ತಿರುಗಿದ್ದು ನನಗೇ ಆಶ್ಚರ್ಯ. ಅವನ ತೋಳು ಹಿಡಿದು ನಿಲ್ಲಿಸಿದರು. ತಲೆಯಾಡಿಸಿದರು. ಒಳಗೆ ಪುಟ್ಟಿ ಒಮ್ಮೆ ಮಿಸುಕಿ, ಕಾಲನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡು, ಮತ್ತೆ ಸುಮ್ಮನಾದಳು.

ಅವನಿಗೆ ಏನು ಮಾಡಲೂ ತೋಚಲಿಲ್ಲ. ಪಟ್ಟಣದಿಂದ ಇಷ್ಟು ದೂರ, ಅದೂ ಹುಷಾರಿಲ್ಲದವರು, ಮನೆಯೊಳಗೂ ಬಾರದೆ ಕೊಟ್ಟಿಗೆಯಲ್ಲಿ ನಿಂತಿದ್ದಾರೆ. ದನಿ ತಗ್ಗಿಸಿ, ಬೇಡುವವನ ಹಾಗೆ ಹೇಳಿದ.

"ಕಾಪಿನಾದ್ರೂ ಕುಡ್ಕಂಡು ಓಗಿ ಮೇಡಂ. ಅಂಗೇ ಓಗ್ಬಾರ್ದು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಅವನ ತೋಳು ಬಿಟ್ಟರು.

"ಬೇಡಪ್ಪ" ಎಂದರು. "ಲೋಟ ಸದ್ದಾಗುತ್ತೆ."